ಕಲ್ಲುಮಡುವಿನ ಹರಿಗೋಲು

ಕಲ್ಲುಮಡು ಹೊಳೆಯಾಚೆಯ ಊರು. ಊರೆಂದರೆ ಏಳೆಂಟು ಗುಡಿಸಲು, ಸುತ್ತ ಕಾಡು. ಅಲ್ಲಿಗೆ ಆಶ್ರಮದ ಗುರುಗಳು ವರ್ಷಕ್ಕೊಮ್ಮೆ ಹೋಗುತ್ತಿದ್ದರು. ಧ್ಯಾನಕ್ಕೆ ಎನ್ನುತ್ತಾರೆ. ಜೇನಿಗೆ ಎಂದು ನನ್ನ ಗುಮಾನಿ.

ಆ ಸಲ ಶಿಷ್ಯ ಪರಶಿವನೂ ಜೊತೆಗಿದ್ದ. ಹಿಂದಿರುಗಿದ ಮೇಲೆ ಅವನಿಗೆ ದೀಕ್ಷೆ ಎಂದು ಗುರುಗಳು ಮಾತು ಕೊಟ್ಟಿದ್ದರು. ಎಲ್ಲ ಬಿಟ್ಟವನಿಗೆ ಮಾತ್ರ ದೀಕ್ಷೆ ಎಂದು ಅವನು ಯಾರಿಂದಲೋ ಕೇಳಿದ್ದ.

ಸಂಜೆ ಹೊಳೆ ಮುಟ್ಟಿದರು. ಕೂಗು ಹಾಕಿದಾಗ ಹೊಳೆ ದಾಟಿಸುವ ಮುದ್ದುಮಾದಿ ಹರಿಗೋಲು ತಂದಳು. ದಡದಿಂದ ಮಾರು ದೂರದಲ್ಲೇ ನಿಲ್ಲಿಸಿ ಕೇಳಿದಳು:

"ಮನೇಲಿ ನಿಮ್ಮ ದಾರಿ ಕಾಯೋರು ಯಾರವ್ರೆ? ಹೇಳಿ, ಹತ್ತಿ."

ಅದು ಆ ಹೊಳೆಯ ಪದ್ಧತಿ.

"ಆಶ್ರಮದ ಮುದಿ ಹಸು," ಎಂದರು ಗುರುಗಳು. "ಬೇರೆಯವರ ಕೈಯ ಹುಲ್ಲು ಮುಟ್ಟುವುದಿಲ್ಲ."

"ಹಸುನೂ ಆಯ್ತದೆ. ಬನ್ನಿ."

ಗುರುಗಳು ಹತ್ತಿ ಕೂತರು.

ಪರಶಿವ ಎದೆಯುಬ್ಬಿಸಿದ. "ನನಗೆ ಯಾರೂ ಇಲ್ಲ. ಎಲ್ಲರನ್ನೂ ಬಿಟ್ಟು ಬಂದವನು ನಾನು."

"ಹಂಗಾರೆ ಅಲ್ಲೇ ಇರಿ," ಎಂದು ಮುದ್ದುಮಾದಿ ಹುಟ್ಟು ಹಾಕಿದಳು.

"ಏನಮ್ಮಾ ಇದು!"

"ಯಾರೂ ಕಾಯ್ದೇ ಇರೋನು ಸುಳಿ ಬಂದ ಕೂಡ್ಲೆ ಕೈಚೆಲ್ತಾನೆ ಸ್ವಾಮಿ. ಅಂಥೋನ ಜೊತೆ ನಾನ್ಯಾಕೆ ಮುಳುಗ್ಲಿ?"

"ಗುರುಗಳೇ, ನೀವಾದರೂ ಹೇಳಿ!"

"ಹೊಳೆ ಅವಳದಪ್ಪಾ," ಎಂದರು ಗುರುಗಳು.

ಹಿಂದೆ ಬಿದಿರುಮೆಳೆ ಲಟಲಟ ಮುರಿಯಿತು. ನೀರಿಗೆ ಆನೆಗಳು ಬರುವ ಹೊತ್ತು. ಎರಡಿದ್ದವಂತೆ; ನಾನು ಹೇಳುವಾಗ ಸಾಮಾನ್ಯವಾಗಿ ಐದಿರುತ್ತವೆ.

ಪರಶಿವ ಮೊಣಕಾಲುದ್ದ ನೀರಿಗಿಳಿದ. "ಗುರುಗಳು ಕಾಯ್ತಾರೆ! ನನಗಾಗಿ ಗುರುಗಳು ಕಾಯ್ತಾರೆ!"

"ಅವ್ರು ಇಲ್ಲೇ ಕೂತವ್ರಲ್ಲ! ಮನೇಲಿ ಯಾರು?"

"ದೇವರು!"

"ದೇವ್ರಿಗೇನು ಅವಸರ? ನೀವು ಇವತ್ತು ಬಂದ್ರೂ ಒಂದೇ, ಸತ್ತು ಬಂದ್ರೂ ಒಂದೇ."

ಮೆಳೆಯಾಚೆ ಒಂದು ಘೀಳು.

ಪರಶಿವ ಗುರುಗಳ ಮುಖ ನೋಡಿದ. ಬಾಯಿ ಬಿಟ್ಟರೆ ದೀಕ್ಷೆ ಹೋಯಿತು. ಬಿಡದಿದ್ದರೆ ಜೀವವೇ ಹೋಯಿತು. ಗುರುಗಳು ನೀರಿನಲ್ಲಿ ಕೈ ಅದ್ದಿ ಆಡುತ್ತಿದ್ದರು.

"ಅಕ್ಕ!" ಎಂದು ಅರಚಿದ ಪರಶಿವ. "ನಮ್ಮಕ್ಕ ಚೆನ್ನಾಜಿ! ತಾಯಿಲ್ಲದ ನನ್ನನ್ನ ಸಾಕಿದವಳು! ಹೇಳದೆ ಓಡಿಬಂದೆ! ಇವತ್ತಿಗೂ ಬಾಗಿಲಿಗೆ ಅಗುಳಿ ಹಾಕಿರಲ್ಲ ಅವಳು!"

ಹರಿಗೋಲು ಗಿರ್ರನೆ ತಿರುಗಿ ಬಂತು. ಮುದ್ದುಮಾದಿ ಅವನ ರಟ್ಟೆ ಹಿಡಿದು ಒಳಗೆಳೆದುಕೊಂಡಳು.

"ಇದ್ನ ಮೊದ್ಲೇ ಒದರಬಾರ್ದಿತ್ತಾ? ನಿಮ್ಮ ದೆಸೆಯಿಂದ ಪಾಪ ಆನೆಗೂ ನೀರಿಲ್ಲ."

ನಡುಹೊಳೆಗೆ ಬಂದಾಗ ಆನೆಗಳು ದಡಕ್ಕಿಳಿದವು. ಸೊಂಡಿಲಿಂದ ಬೆನ್ನಿಗೆ ನೀರೆರಚಿಕೊಂಡವು. ಇವನನ್ನು ತಿರುಗಿಯೂ ನೋಡಲಿಲ್ಲ.

ಪರಶಿವನಿಗೆ ನಗು ಬಂತು. ನಗುತ್ತ ನಗುತ್ತ ಅತ್ತ. ಅತ್ತು ಮುಗಿಸಿ ದೊಡ್ಡದೊಂದು ಉಸಿರುಬಿಟ್ಟ. ಎಷ್ಟೋ ಕಾಲದಿಂದ ತಲೆ ಮೇಲೆ ಹೊತ್ತದ್ದನ್ನು ಇಳಿಸಿದವನಂತೆ ಕಾಣುತ್ತಿದ್ದ.

ಆಮೇಲೆ ಮೆಲ್ಲಗೆ ಕೇಳಿದ:

"ಗುರುಗಳೇ, ಸಿಕ್ಕಿಬಿದ್ದೆ. ಇನ್ನು ನನಗೆ ದೀಕ್ಷೆ ಇಲ್ಲ, ಅಲ್ಲವೇ?"

"ಯಾರೋ ಹಾಗಂದವರು?"

"ಮತ್ತೆ ನಾನೇನು ಮಾಡಲಿ?"

ಗುರುಗಳು ಒದ್ದೆ ಕೈಯನ್ನು ಅವನ ತಲೆಗೇ ಒರೆಸಿದರು.

"ಅಕ್ಕನ ಮನೆಗೆ ಹೋಗು. ಅವಳು ಬೈದು ಮುಗಿಸುವವರೆಗೆ ಸುಮ್ಮನೆ ಕೂತಿರು. ಬಡಿಸಿದ್ದನ್ನು ಉಣ್ಣು. ಕೈ ತೊಳೆದ ಮೇಲೂ ಎಲ್ಲ ಬಿಡಬೇಕು ಅನ್ನಿಸಿದರೆ, ಅವಳಿಗೆ ಹೇಳಿ ಬಾ."