ಸೂಲಗಿತ್ತಿ ಪುಟ್ಟನಂಜಮ್ಮ ಕಾರು ಕೊಂಡದ್ದು

ಎಲ್ಲೋ ಒಂದು ಕಡೆ, ನೀವು ಹೋಗದ ದಿಕ್ಕಿನಲ್ಲಿ, ಒಂದೂರಿತ್ತಂತೆ. ಅಲ್ಲಿ ಪುಟ್ಟನಂಜಮ್ಮ ಅಂತ ಒಬ್ಬ ಸೂಲಗಿತ್ತಿ. ಸುತ್ತಲ ಹಳ್ಳಿಯ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು. ವಯಸ್ಸಾಯಿತು, ಮಂಡಿ ಹಿಡಿದುಕೊಂಡಿತು. ಅವಳು ನಡೆದು ತಲುಪುವಷ್ಟರಲ್ಲಿ ಮಕ್ಕಳು ತಾವೇ ಹುಟ್ಟಿ, ಬಾಗಿಲಲ್ಲಿ ನಿಂತು, "ಯಾಕಜ್ಜಿ ತಡ?" ಅಂತ ಕೇಳತೊಡಗಿದವು. ಅವಳಿಗೆ ಅವಮಾನವಾಯಿತು. ಇದ್ದ ಮೂರು ಎಮ್ಮೆ ಹೊಡೆದುಕೊಂಡು ಕಾರಿನ ಅಂಗಡಿಗೆ ಹೋದಳು.

ಕಾರು ಮಾರುವವನು ಚೆಲುವಯ್ಯ. ಕತ್ತಿನಲ್ಲಿ ಟೈ, ಬಾಯಲ್ಲಿ ನಗು. ಅವಳನ್ನು ಬೆಂಚಿನ ಮೇಲೆ ಕೂರಿಸಿ ಕಾಫಿ ಕೊಟ್ಟ.

"ಈ ಕೆಂಪು ಕಾರು ಮೂರೇ ಎಮ್ಮೆ ಅಮ್ಮಾ."

"ಕೊಡಪ್ಪ. ಕೆರೆಯಾಚೆ ಚಿಕ್ಕತಾಯಿಗೆ ನೋವು ಶುರುವಾಗಿದೆ."

"ಕೊಡೋಣ. ಚಕ್ರ ಬೇಕಾ?"

"ಬೇಡ್ವಾ?"

"ಚಕ್ರಕ್ಕೆ ಇನ್ನೊಂದು ಎಮ್ಮೆ. ಚಕ್ರ ತಿರುಗಬೇಕು ಅಂದ್ರೆ ಮತ್ತೊಂದು. ಕಾರಿಗೆ ನೆರಳು ಬೀಳಬೇಕು ಅಂದ್ರೆ ಅದು ಬೇರೆ ಪ್ಯಾಕೇಜು."

"ನೆರಳು ಬೇಡ."

"ನೆರಳಿಲ್ಲದ ಕಾರನ್ನ ಪೊಲೀಸರು ಹಿಡೀತಾರೆ ಅಮ್ಮಾ."

"ನನ್ನತ್ರ ಇರೋದು ಮೂರೇ."

"ನೀವು ನಮ್ಮಮ್ಮನ ಥರ. ಒಳಗೆ ಸಾಹೇಬರನ್ನ ಕೇಳ್ಕೊಂಡು ಬರ್ತೀನಿ."

ಹೋದ. ಬಂದ. "ಸಾಹೇಬರು ಅತ್ತುಬಿಟ್ಟರು. ಆದ್ರೂ ನಿಮಗೋಸ್ಕರ ಅರ್ಧ ಎಮ್ಮೆ ಕಮ್ಮಿ. ಇವತ್ತು ಮಾತ್ರ. ನಾಳೆ, ಇವತ್ತು ಇರೋದಿಲ್ಲ."

ಹೀಗೆ ಏಳು ಸಲ ಹೋದ, ಏಳು ಸಲ ಬಂದ. ಏಳು ಲೋಟ ಕಾಫಿ ಆಯಿತು. ಎಂಟನೆಯ ಲೋಟ ತರಲು ಅವನು ಹೋದಾಗ ಪುಟ್ಟನಂಜಮ್ಮ ತಾನೇ ಎದ್ದು ಒಳಗೆ ಹೋದಳು.

ಒಳಗೆ ಯಾರೂ ಇರಲಿಲ್ಲ. ಒಂದು ಕುರ್ಚಿ ಇತ್ತು.

"ಸಾಹೇಬ ನೀನೇನಾ?"

"ಕೇಳೋದು ನನ್ನನ್ನೇ," ಅಂದಿತು ಕುರ್ಚಿ. "ಆದ್ರೆ ಯಾರೂ ಕೂರಲ್ಲ. ಕೂತವರು ಸಾಹೇಬರು."

ಮಂಡಿ ನೋಯುತ್ತಿತ್ತು. ಕೂತಳು.

ಚೆಲುವಯ್ಯ ಬಂದು ಕೈಕಟ್ಟಿ ನಿಂತ. ಸಾಹೇಬರ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ. "ಸಾಹೇಬರೇ, ಹೊರಗೊಬ್ಬಳು ಮುದುಕಿ. ಮೂರೇ ಎಮ್ಮೆ ಅಂತಾಳೆ."

"ಚಕ್ರ, ನೆರಳು ಎಲ್ಲ ಸೇರಿಸಿ ಎರಡಕ್ಕೆ ಕೊಡು."

ಹೋದ. ಬಂದ. "ಸಾಹೇಬರೇ, ಬೆಂಚು ಖಾಲಿ."

"ಎರಡಕ್ಕೆ ಒಪ್ಪಲಿಲ್ಲ ಅಂತಾಯ್ತು. ಒಂದು ಅನ್ನು."

ಅವನು ಖಾಲಿ ಬೆಂಚಿನ ಮುಂದೆ ಬಗ್ಗಿ, ಒಂದು ಅಂದ. ಬೆಂಚು ಮಾತಾಡಲಿಲ್ಲ. ಚೆಲುವಯ್ಯ ಬೆವರಿದ. ಇಷ್ಟು ಗಟ್ಟಿ ಗಿರಾಕಿಯನ್ನು ಅವನು ಕಂಡಿರಲಿಲ್ಲ. "ಉಸಿರೂ ಬಿಡ್ತಿಲ್ಲ ಸಾಹೇಬರೇ."

"ಹಾಗಾದ್ರೆ ಎಮ್ಮೆನೇ ಬೇಡ ಅನ್ನು. ಮುಖ ತೊಳ್ಕೊಂಡು ಹೋಗಿ ಹೇಳು."

ಅವನು ಮುಖ ತೊಳೆದು ಬರುವಷ್ಟರಲ್ಲಿ ಪುಟ್ಟನಂಜಮ್ಮ ಬೆಂಚಿನ ಮೇಲಿದ್ದಳು. "ಎಮ್ಮೆ ಬೇಡವಂತೆ ಅಮ್ಮಾ," ಅಂದ.

ಅವಳಿಗೆ ಪಾಪ ಅನ್ನಿಸಿತು. "ಮೂರು ಅಂದಿದ್ದೆ. ಮೂರೂ ತಗೊ."

ಹೀಗೆ ಯಾವ ಗಿರಾಕಿಯೂ ಅಂದದ್ದಿಲ್ಲ. "ಒಳಗೆ ಕೇಳ್ಕೊಂಡು ಬರ್ತೀನಿ," ಅಂತ ಓಡಿದ.

ಅವಳು ಕಾಯಲಿಲ್ಲ, ಎಮ್ಮೆಗಳನ್ನು ಅಲ್ಲೇ ಬಿಟ್ಟು ಕಾರು ಹತ್ತಿದಳು. ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಾರಿಗೂ ಓಡಲು ಬರುತ್ತಿರಲಿಲ್ಲ, ಹೊಸತಲ್ಲವೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡು ಕೇಳಿಕೊಂಡು ಕೆರೆ ಏರಿ ದಾಟಿದರು. ಚಿಕ್ಕತಾಯಿ ಹಲ್ಲುಕಚ್ಚಿ ಕಾದಿದ್ದಳು. ಹೆಣ್ಣುಮಗು, ಬಹಳ ದಿನದ ಮೇಲೆ ಅವಳ ಕೈಯಲ್ಲೇ ಹುಟ್ಟಿತು. ಪುಟ್ಟನಂಜಮ್ಮ ಅದನ್ನು ತೊಳೆದು, ಒರೆಸಿ, ತಾಯಿಗೆ ಕೊಡಲು ಸ್ವಲ್ಪ ತಡಮಾಡಿದಳು.

ಇದರಿಂದ ತಿಳಿಯುವುದೇನಂದರೆ, ಕಾರು ಕೊಳ್ಳುವವರಿಗೆ ಮಂಡಿನೋವಿರಬೇಕು. ಕತೆ ಅತ್ತ ಹೋಯಿತು, ನಾವು ಇತ್ತ ಉಳಿದೆವು.