ಏಳು ಬಾಯಿಯ ಹಬ್ಬು

ಹಿರೇಬಸಾಪುರದ ಹುಡುಗಿಯರ ಪ್ರೌಢಶಾಲೆ ಕಬಡ್ಡಿಯಲ್ಲಿ ಜಿಲ್ಲಾ ಮಟ್ಟದ ಫೈನಲ್ ತಲುಪಿತ್ತು. ಅದೂ ಪಂದ್ಯ ತಮ್ಮದೇ ಮೈದಾನದಲ್ಲಿ! ಆಟದ ಶಿಕ್ಷಕಿ ಶೈಲಜಾ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಕ್ಕಳೂ ಊರವರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

ಒಂದೇ ಕೊರಗು. ತಂಡದ ನಾಯಕಿ ಹಸೀನಾ ಸೆಮಿಫೈನಲ್‌ನಲ್ಲಿ ಕಾಲು ಮುರಿದುಕೊಂಡು ಪಟ್ಟಣದ ಆಸ್ಪತ್ರೆ ಸೇರಿದ್ದಳು. ನೋವಿಗೆ ಒಂದು ಹನಿ ಕಣ್ಣೀರು ಹಾಕದ ಹುಡುಗಿ, ಅಕ್ಕೋರು ನೋಡಲು ಹೋದಾಗ ಬಿಕ್ಕಿ ಬಿಕ್ಕಿ ಅತ್ತಳು.

"ಫೈನಲ್ ನೋಡಾಕೂ ಆಗೂದಿಲ್ಲಲ್ರಿ ಅಕ್ಕೋರ!"

"ನೋಡ್ತಿ ನೀ. ಒಂದ್ ರೈಡೂ ತಪ್ಪದ್ಹಂಗ ನಾ ತೋರಸ್ತೀನಿ," ಎಂದು ಅಕ್ಕೋರು ಅವಳ ಕೈ ಹಿಡಿದು ಮಾತು ಕೊಟ್ಟರು.

ಶಾಲೆಗೆ ಹೊಸದಾಗಿ ಬಂದಿದ್ದ ಲ್ಯಾಪ್‌ಟಾಪ್ ರೊಟ್ಟಿಯಷ್ಟು ತೆಳ್ಳಗಿತ್ತು. ಪಕ್ಕದಲ್ಲಿ ಎರಡೇ ಎರಡು ಪೋರ್ಟು. ಒಂದಕ್ಕೆ ಚಾರ್ಜರ್ ಹಚ್ಚಿದರೆ ಉಳಿಯುವುದು ಒಂದೇ. ಅದಕ್ಕೆ ಕ್ಯಾಮೆರಾ ಹಚ್ಚಬೇಕೋ, ಇಂಟರ್ನೆಟ್ಟಿನ ಡಾಂಗಲ್ ಹಚ್ಚಬೇಕೋ? ಅಕ್ಕೋರು ಪೇಟೆಗೆ ಹೋಗಿ ಒಂದು ಯುಎಸ್‌ಬಿ ಹಬ್ಬು ತಂದರು. ಅದರ ಬಾಲವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಸಾಕು, ಈಚೆ ಕಡೆ ಏಳು ಬಾಯಿ ತೆರೆದುಕೊಳ್ಳುತ್ತಿದ್ದವು!

ಫೈನಲ್ ದಿನ ಅಂಕಣದ ಪಕ್ಕದಲ್ಲಿ ಮೇಜು ಹಾಕಿ, ಕ್ಯಾಮೆರಾ ಹಚ್ಚಿದರು, ಡಾಂಗಲ್ ಹಚ್ಚಿದರು, ವಿಡಿಯೋ ಕರೆ ಮಾಡಿದರು. ಪರದೆಯ ಮೇಲೆ ಹಸೀನಾಳ ಮುಖ ಮೂಡಿತು. ಹುಡುಗಿಯರು ಹೋ ಎಂದು ಕೂಗಿದರು. ಆಸ್ಪತ್ರೆಯ ಅಕ್ಕಪಕ್ಕದ ಮಂಚದವರೂ ಅವಳ ಫೋನಿಗೆ ಕತ್ತು ಚಾಚಿದರು.

ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ಮೊದಲು ಹೆಡ್‌ಮಾಸ್ತರರು ಬಂದರು. "ಅತಿಥಿಗಳಿಗೆ ದೊಡ್ಡ ಪರದೆ ಮ್ಯಾಲ ತೋರಸೂಣ್ರಿ." ಅದರ ವೈರು ಬಂತು. ಹಿಂದೆಯೇ ಕನ್ನಡ ಮಾಸ್ತರ ವೀರಭದ್ರಪ್ಪನವರು ಮೈಕು ಹಿಡಿದು ಬಂದರು. "ನನ್ನ ವಿವರಣೆ ಇಲ್ಲದ ಕಬಡ್ಡಿ ಎಂಥಾ ಕಬಡ್ಡಿ ಅಕ್ಕೋರ?" ಹಳೆಯ ವಿದ್ಯಾರ್ಥಿನಿಯರು ಪಂದ್ಯ ತುಂಬಿಸಿಕೊಳ್ಳಲು ಹಾರ್ಡ್ ಡಿಸ್ಕ್ ತಂದರು. ಸೆಕೆಯೆಂದು ಯಾರೋ ಪುಟ್ಟ ಫ್ಯಾನು ತಂದಿಟ್ಟರು. ಕೊನೆಗೆ ಶಾಲಾ ಸಮಿತಿಯ ಅಧ್ಯಕ್ಷ ಸೋಮನಗೌಡರು ಬಂದರು.

"ಅಕ್ಕೋರ, ನನ್ನ ಮೊಬೈಲ್ ಸತ್ತ ಬಿದ್ದೈತಿ. ಚಾರ್ಜಿಗೆ ಹಚ್ಚಲೇನು?"

"ಹಚ್ರಿ ಹಚ್ರಿ, ಇನ್ನೂ ಒಂದ್ ಬಾಯಿ ಖಾಲಿ ಐತಿ!"

ಯಾರಿಗೂ ಇಲ್ಲವೆನ್ನಬೇಕಾಗಿ ಬರಲಿಲ್ಲವಲ್ಲ ಎಂದು ಅಕ್ಕೋರಿಗೆ ಹಿಗ್ಗೋ ಹಿಗ್ಗು. ಹಬ್ಬು ಮುಟ್ಟಿದರೆ ಬೆಚ್ಚಗಾಗಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡರು.

ಪಂದ್ಯವೋ, ಕೇಳಬೇಡಿ! ಇವರೊಂದು ಅಂಕ, ಅವರೊಂದು ಅಂಕ. ಮಣ್ಣು ಹಾರಿತು, ಮೊಣಕೈ ತರಚಿತು. ಎದುರಾಳಿಗಳು ಒಂದೇ ಒಂದು ಅಂಕ ಮುಂದಿದ್ದರು. ಉಳಿದದ್ದು ಒಂದೇ ರೈಡು, ಅದು ನಮ್ಮವರದು. ಗೆಲ್ಲಬೇಕಾದರೆ ಇಬ್ಬರನ್ನು ಔಟ್ ಮಾಡಿ ಬರಬೇಕು. ಹೋಗಬೇಕಾದವಳು ಕಾಶವ್ವ. ಅಕ್ಕೋರು ಟೈಮ್ ಔಟ್ ಕೇಳಿದರು.

ಅಷ್ಟರಲ್ಲಿ ದೊಡ್ಡ ಪರದೆ ಕಪ್ಪಾಯಿತು. ಮೈಕು ಕಿರ್ರೆಂದು ಸುಮ್ಮನಾಯಿತು. ಕ್ಯಾಮೆರಾದ ದೀಪ ಆರಿತು. ಹಸೀನಾ ಮಾಯ!

ಅಕ್ಕೋರು ಹಬ್ಬನ್ನು ಕಿತ್ತು ಮತ್ತೆ ಸಿಕ್ಕಿಸಿದರು. ಎಲ್ಲವೂ ಒಮ್ಮೆ ಮಿಣುಕಿ ಮತ್ತೆ ಸತ್ತವು. ಕೈಗೆ ಹಬ್ಬು ಕೆಂಡದಂತೆ ತಾಗಿತು. ಆಗ ಅವರಿಗೆ ಹೊಳೆಯಿತು. ಬಾಯಿ ಏಳಾದರೂ ಅಷ್ಟಕ್ಕೂ ಕರೆಂಟು ಬರುತ್ತಿರುವುದು ಒಂದೇ ಪೋರ್ಟಿನಿಂದ. ಏಳು ಬಾಯಿಗೆ ಒಂದೇ ತುತ್ತು!

ಏನಾದರೂ ತೆಗೆಯಲೇಬೇಕು. ಆದರೆ ಯಾವುದನ್ನು?

"ಪರದೆ ತಗದ್ರ ಅತಿಥಿಗಳು ಏನಂತಾರ್ರೀ?" ಎಂದರು ಹೆಡ್‌ಮಾಸ್ತರರು.

"ಕಡೀ ರೈಡಿಗೇ ನನ್ನ ದನಿ ಇಲ್ಲಂದ್ರ ಹ್ಯಾಂಗ?" ಎಂದರು ವೀರಭದ್ರಪ್ಪನವರು.

"ಇಷ್ಟೊತ್ತೂ ತುಂಬಿಸಿದ್ದು ಹಾಳಾಗ್ತೈತ್ರಿ ಅಕ್ಕೋರ!" ಎಂದರು ಹಳೆಯ ವಿದ್ಯಾರ್ಥಿನಿಯರು.

ಹೆಡ್‌ಮಾಸ್ತರರಿಗೆ ಬೇಡವೆನ್ನುವುದು ಅಕ್ಕೋರಿಗೆ ಅಭ್ಯಾಸವೇ ಇರಲಿಲ್ಲ. ಆದರೆ ಆ ಹುಡುಗಿಯ ಕೈ ಹಿಡಿದು ಆಡಿದ ಮಾತು ನೆನಪಾಯಿತು. ಈ ಮೇಜು ಹಾಕಿದ್ದೇ ಯಾರಿಗಾಗಿ?

"ಸಿಟ್ಟಾಗಬ್ಯಾಡ್ರಿ. ಇದು ಹಸೀನಾಗ ಕೊಟ್ಟ ಮಾತು," ಎನ್ನುತ್ತಲೇ ಒಂದೊಂದಾಗಿ ಕಿತ್ತರು. ಫ್ಯಾನು ಹೋಯಿತು. ಗೌಡರ ಮೊಬೈಲು ಹೋಯಿತು. ಹಾರ್ಡ್ ಡಿಸ್ಕ್, ಮೈಕು, ದೊಡ್ಡ ಪರದೆ ಎಲ್ಲ ಹೋದವು. ಹಬ್ಬಿನಲ್ಲಿ ಉಳಿದದ್ದು ಎರಡೇ: ಕ್ಯಾಮೆರಾ ಮತ್ತು ಡಾಂಗಲ್.

ಕ್ಯಾಮೆರಾದ ದೀಪ ಹತ್ತಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಹಸೀನಾ ಕೂಗುತ್ತಿದ್ದಳು. "ಅಕ್ಕೋರ! ಕಾಶಿನ್ನ ಕರೀರಿ, ಲಗೂನ ಕರೀರಿ!"

ಕಾಶವ್ವ ಓಡಿ ಬಂದು ಲ್ಯಾಪ್‌ಟಾಪಿಗೆ ಕಿವಿ ಕೊಟ್ಟಳು.

"ಕಾಶಿ, ಎಡಮೂಲಿ ಉದ್ದನ ಹುಡುಗಿ ನೀ ಯಾವಾಗ ಬೆನ್ನು ತಿರುಗಸ್ತಿ ಅಂತ ಕಾಯಾಕತ್ತಾಳ. ಇಷ್ಟೊತ್ತೂ ಅದನ್ನ ನೋಡೀನಿ. ಬೆನ್ನು ಕೊಡಬ್ಯಾಡ. ಆಕಿ ಕಡೆ ಮಾರಿ ಇಟ್ಕೊಂಡ ಹಿಂದಕ್ಕ ಸರಿ. ತಡಕೊಳ್ಳಾಕಾಗದ ಆಕೀನ ಬಂದ ಬೀಳ್ತಾಳ!"

ರೆಫರಿ ಸೀಟಿ ಊದಿದರು. "ಕಬಡ್ಡಿ, ಕಬಡ್ಡಿ, ಕಬಡ್ಡಿ..." ಕಾಶವ್ವ ಒಳಗೆ ನುಗ್ಗಿದಳು. ಬಲಕ್ಕೆ ಹೊರಳಿದಳು, ಎಡಕ್ಕೆ ಆಸೆ ತೋರಿಸಿದಳು. ಬೆನ್ನು ಕೊಡದೆ ಹಿಂದಕ್ಕೆ ಸರಿಯತೊಡಗಿದಳು. ಉದ್ದನೆಯ ಹುಡುಗಿ ತಡೆಯಲಾರದೆ ಹಾರಿ ಕಾಲು ಹಿಡಿದಳು. ಇನ್ನೊಬ್ಬಳು ಸೊಂಟಕ್ಕೆ ಬಿದ್ದಳು. ಕಾಶವ್ವ ಇಬ್ಬರನ್ನೂ ಎಳೆದುಕೊಂಡೇ ಹಿಂದಕ್ಕೆ ಬಿದ್ದು ಕೈ ಚಾಚಿದಳು. ಬೆರಳ ತುದಿ ನಡುಗೆರೆ ಮುಟ್ಟಿತು!

ಎರಡು ಅಂಕ! ಗೆದ್ದರು!

ಮೈದಾನ ಒಡೆದು ಹೋಗುವಂಥ ಕೂಗು. ದೊಡ್ಡ ಪರದೆ ಆರಿದ್ದರಿಂದ ಅತಿಥಿಗಳು ಸೋಫಾ ಬಿಟ್ಟೆದ್ದು ಅಂಕಣದ ಅಂಚಿಗೇ ಬಂದು ನಿಂತಿದ್ದರು. ಅವರ ನಡುವೆ ಸೋಮನಗೌಡರು ಪೇಟ ಬಿಚ್ಚಿ ಗಾಳಿಯಲ್ಲಿ ತಿರುಗಿಸುತ್ತಿದ್ದರು. ವೀರಭದ್ರಪ್ಪನವರ ಬರಿಗಂಟಲು ಮೈಕಿಗಿಂತ ದೂರ ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸಮ್ಮ "ಸದ್ದು ಮಾಡಬ್ಯಾಡ್ರೀ" ಎಂದು ಗದರುತ್ತ ತಾವೇ ಚಪ್ಪಾಳೆ ತಟ್ಟುತ್ತಿದ್ದರು.

ಹೆಡ್‌ಮಾಸ್ತರರು ಮೇಜಿನ ಹತ್ತಿರ ಬಂದರು. ಅಕ್ಕೋರು ತಲೆ ತಗ್ಗಿಸಿ, "ತಪ್ಪು ತಿಳೀಬ್ಯಾಡ್ರಿ ಸರ್," ಎಂದರು.

"ಛೇ, ನಾವೆಲ್ಲ ಬಂದ ಬಂದ ಹಚ್ಚಿದ್ವಿ. ಈ ಮೇಜು ಯಾರ ಸಲುವಾಗಿ ಅಂತ ಒಬ್ಬರೂ ಕೇಳಲಿಲ್ಲ ನೋಡ್ರಿ!" ಎಂದು ಅವರು ನಕ್ಕುಬಿಟ್ಟರು.

ಪರದೆಯಲ್ಲಿ ಹಸೀನಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಹುಡುಗಿಯರು ಗೆದ್ದ ಕಪ್ಪನ್ನು ಎತ್ತಿ ತಂದು, ಮೊದಲು ಕ್ಯಾಮೆರಾದ ಮುಂದೆಯೇ ಹಿಡಿದರು.

ನೀತಿ: ಜಾಗ ಇದೆ ಎಂದ ಮಾತ್ರಕ್ಕೆ ಬಲ ಇದೆ ಎಂದಲ್ಲ. ಬಂದವರಿಗೆಲ್ಲ ಹೂಂ ಎನ್ನುತ್ತ ಹೋದರೆ, ಮೊದಲು ಮಾತು ಕೊಟ್ಟವರಿಗೇ ತಪ್ಪಿ ನಡೆದಂತಾಗುತ್ತದೆ. ಕೈಗೆತ್ತಿಕೊಂಡ ಕೆಲಸ ಯಾರಿಗಾಗಿ ಎಂಬುದನ್ನು ಮರೆಯದೆ, ಉಳಿದದ್ದಕ್ಕೆ ನಯವಾಗಿ, ಆದರೆ ಗಟ್ಟಿಯಾಗಿ ಬೇಡ ಎನ್ನಲು ಕಲಿಯಬೇಕು.