ಹಿಡಿಮಣ್ಣಿನ ಓಣಿ

ಕೋಟೆಯ ಪಡುವಣ ಗೋಡೆಗೆ ಆತುಕೊಂಡಿರುವ ಹಿಡಿಮಣ್ಣಿನ ಓಣಿಗೆ ಹೋದವರಿಗೆ ಮೊದಲು ಕಾಣುವುದು ಮಸೀದಿಯ ಮಿನಾರವಲ್ಲ, ಅದರೆದುರಿನ ಆಳೆತ್ತರದ ಮಣ್ಣಿನ ಗುಪ್ಪೆ. ಅದು ಗೋರಿಯಲ್ಲ, ಮೇಲೆ ಚಾದರವಿಲ್ಲ, ದೀಪವಿಲ್ಲ. ಪುಸ್ತಕ ಓದಿದವರು ಅದನ್ನು ಬಿದ್ದ ಬುರುಜು ಎನ್ನುತ್ತಾರೆ. ಬುರುಜಾದರೆ ಕಲ್ಲಿರಬೇಕಲ್ಲ? ಇಡೀ ಗುಪ್ಪೆಯನ್ನು ಜರಡಿ ಹಿಡಿದರೂ ಹುಣಸೆಬೀಜದಷ್ಟು ಕಲ್ಲು ಸಿಕ್ಕಲಾರದು.

ಹಿಂದೆ ಒಮ್ಮೆ, ಹಾರುವ ಕಾಗೆಗಳು ಬೆಂದು ಬೀಳುತ್ತಿದ್ದ ಬೇಸಿಗೆಯಲ್ಲಿ, ಈ ಓಣಿಗೆ ವಾಂತಿಭೇದಿಯ ಜಾಡ್ಯ ಹೊಕ್ಕಿತು. ಅದು ಹೊರಗೆ ದಾಟದಿರಲೆಂದು ಕಾವಲಿನವರು ಓಣಿಯ ಬಾಗಿಲು ಹಾಕಿದರು. ಒಳಗಿನ ಒಂದೇ ಬಾವಿ ತಳ ಕಂಡಿತು. ತಲೆಗೊಂದು ತಂಬಿಗೆ ನೀರಿನ ಪಾಲಾಯಿತು. ಸತ್ತ ಹೆಂಗಸರ ಮೈ ತೊಳೆಯಲು ಇದ್ದವಳು ಮದಾರಬಿ ಒಬ್ಬಳೇ. ಒಂದು ಕೊಡದಲ್ಲಿ ಏಳು ಹೆಣಗಳಿಗೆ ಸ್ನಾನ ಮಾಡಿಸುತ್ತಿದ್ದಳು, ಒಂದು ಹನಿಯೂ ಪೋಲಾಗುತ್ತಿರಲಿಲ್ಲ ಎನ್ನುತ್ತಾರೆ. ಆದರೆ ಸಾವಿಲ್ಲದ ದಿನ ಆಕೆಯನ್ನು ಯಾರೂ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಓಣಿಯ ಹಿರಿಯನ ಹೆಂಡತಿ ಜೈತುನಬಿಯಂತೂ ಆಕೆ ನೀರು ಕುಡಿದ ಬಟ್ಟಲನ್ನು ಆಕೆಯ ಎದುರೇ ಒಡೆದಿದ್ದಳು. ಮದಾರಬಿಗೆ ಇದ್ದದ್ದು ಒಂದೇ ಆಸೆ: ತಾನು ಸತ್ತಾಗ ತೊಳೆಯದ ಹೆಣವಾಗಿ ಹೋಗಬಾರದು. ಅದಕ್ಕೆಂದೇ ತನ್ನ ಪಾಲಿನಿಂದ ಗುಟುಕು ಗುಟುಕು ಉಳಿಸಿ, ಒಂದು ಕೊಡ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದಳು.

ಬಾವಿ ಪೂರ್ತಿ ಬತ್ತಿದ ದಿನ ಜೈತುನಬಿಯ ಮಗಳು ತೀರಿಕೊಂಡಳು. ಮದಾರಬಿಗೂ ಆಗಲೇ ಜಾಡ್ಯ ತಗುಲಿತ್ತು. ಜೈತುನಬಿ ಬಂದು ಆಕೆಯ ಬಾಗಿಲಲ್ಲಿ ನಿಂತಳು.

"ಇನ್ನೊಂದು ಬಟ್ಟಲಾ ಒಡೀಲಿಕ್ಕೆ ಬಂದಿಯೇನು?" ಎಂದಳು ಮದಾರಬಿ. ಆಮೇಲೆ ಗೋಡೆ ಹಿಡಿದು ಎದ್ದು ಕೊಡದ ಬಟ್ಟೆ ಬಿಚ್ಚಿದಳು. "ನಿನ್ನ ಮಗಳ ಕೂದಲಾ ಭಾಳ ಉದ್ದ. ನೀರು ಹೆಚ್ಚು ಬೇಕಾಗ್ತದ. ನಡಿ."

"ಮತ್ತ ನಿನಗ?"

"ಸತ್ತಮ್ಯಾಲೆ ನಾ ಕೇಳಲಿಕ್ಕೆ ಬರೂದಿಲ್ಲ."

ಮರುದಿನ ಮಧ್ಯಾಹ್ನ ಮದಾರಬಿ ಹೋದಳು. ನೀರಿಲ್ಲದೆಡೆ ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರಿದರೂ ಸಲ್ಲುತ್ತದೆ ಎಂದ ಹಿರಿಯ. ಯಾವ ಹೆಂಗಸೂ ಮುಂದೆ ಬರಲಿಲ್ಲ. ಜೈತುನಬಿ ಎದ್ದು ಹೋಗಿ ತನ್ನ ಹೊಸ್ತಿಲ ಬುಡದ ಮಣ್ಣನ್ನೇ ಹಿಡಿ ತುಂಬ ಕೆದರಿ ತಂದಳು. ಅದಕ್ಕೆ ಅಂಗೈ ಒತ್ತಿ ಆ ಮುಖವನ್ನೂ ಆ ಕೈಗಳನ್ನೂ ಸವರಿದಳು. ಅದನ್ನು ಕಂಡು ಮನೆಮನೆಯವರೂ ತಂತಮ್ಮ ಹೊಸ್ತಿಲ ಹಿಡಿಮಣ್ಣು ತಂದು ಮಸೀದಿಯೆದುರು ಸುರಿದರು. ಸುರಿದದ್ದು ನಲವತ್ತು ಹಿಡಿ, ಎದ್ದದ್ದು ಆಳೆತ್ತರ. ಮಳೆ ಬಂತೇ ಎಂದರೆ, ಬರಲಿಲ್ಲ. ಬಾಗಿಲು ತೆರೆಯುವ ಮುನ್ನ ಇನ್ನೂ ಹನ್ನೊಂದು ಹೆಂಗಸರ ಹೆಣ ಬಿದ್ದವು. ಹತ್ತನ್ನು ಆ ಮಣ್ಣಿನಿಂದ ಸವರಿದ್ದು ಜೈತುನಬಿಯ ಕೈ, ಹನ್ನೊಂದನೆಯ ಹೆಣ ಅವಳದೇ.

ಇಂದಿಗೂ ಆ ಓಣಿಗೆ ಸೊಸೆಯಾಗಿ ಬಂದವಳು, ಬಾಡಿಗೆಗೆ ಬಂದವರು, ಹೊಸ್ತಿಲ ಮಣ್ಣನ್ನು ಒಂದು ಹಿಡಿ ಗುಪ್ಪೆಗೆ ಹಾಕುತ್ತಾರೆ; ಆಮೇಲೆಯೇ ಅವರು ಓಣಿಯವರು. ಮನೆಗಳಿಗೆಲ್ಲ ಈಗ ಸಿಮೆಂಟು, ಟೈಲ್ಸು ಬಂದಿವೆ. ಆದರೆ ಬಗ್ಗಿ ನೋಡಿದರೆ ಪ್ರತಿ ಹೊಸ್ತಿಲ ಬಲಕ್ಕೆ ಅಂಗೈಯಗಲದ ಜಾಗ ಮಣ್ಣಾಗಿಯೇ ಉಳಿದಿರುವುದು ಕಾಣುತ್ತದೆ. ಗೌಂಡಿಗಳಿಗೂ ಗೊತ್ತು, ಅಷ್ಟನ್ನು ಬಿಟ್ಟೇ ಸಿಮೆಂಟು ಬಳಿಯುತ್ತಾರೆ.